ಅಂಗಿತೋಳಿನೊಳಗಿನ ತೋಟ

ಔರಂಗಜೇಬನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ದಿಲ್ಲಿಯಲ್ಲಿ ಫ್ರಾನ್ಸುವಾ ಬರ್ನಿಯೆ ಎಂಬ ಫ್ರೆಂಚ್ ವೈದ್ಯನಿದ್ದ. ದಾನಿಶ್‌ಮಂದ್ ಖಾನ್ ಎಂಬ ವಿದ್ಯಾಪ್ರಿಯ ಉಮರಾವನ ಸೇವೆಯಲ್ಲಿದ್ದ ಈತ ಇಲ್ಲಿನ ಜೋಗಿಗಳ ಬಗ್ಗೆ ಕೇಳಿದ್ದನ್ನೆಲ್ಲ ಬರೆದಿಟ್ಟ. ಅವರು ಒಂದು ಗಂಟೆಯೊಳಗೆ ಮರದ ಕೊಂಬೆಯಲ್ಲಿ ಹೂ ಬಿಡಿಸಿ ಹಣ್ಣು ತರಿಸುತ್ತಾರಂತೆ. ಮೊಟ್ಟೆಯನ್ನು ಎದೆಗೊತ್ತಿಕೊಂಡು ಹದಿನೈದು ನಿಮಿಷದೊಳಗೆ ಕೇಳಿದ ಹಕ್ಕಿಯನ್ನು ಹಾರಿಬಿಡುತ್ತಾರಂತೆ. ಇದನ್ನೆಲ್ಲ ಕಣ್ಣಾರೆ ಕಾಣುವ ಯೋಗ ಬರ್ನಿಯೆಗೆ ಬರಲಿಲ್ಲ. ಖಾನನೇ ಒಮ್ಮೆ ಅಂಥ ಒಬ್ಬನನ್ನು ಕರೆಸಿ, ನನ್ನ ಮನಸ್ಸಿನಲ್ಲಿರುವುದನ್ನು ಹೇಳಿದರೆ 300 ರೂಪಾಯಿ ಕೊಡುತ್ತೇನೆ ಎಂದ. ಹೋದ ಆಸಾಮಿ ಮತ್ತೆ ಆ ಮನೆಯ ಕಡೆ ತಲೆ ಹಾಕಲಿಲ್ಲ.

ಮನಸ್ಸು ಓದುವುದು ಕಷ್ಟ. ಹೂ ಬಿಡಿಸುವುದು ಆಗಲೂ ಸಾಧ್ಯವಿತ್ತು, ಈಗಲೂ ಸಾಧ್ಯವಿದೆ. ಅದಕ್ಕೆ ಬೇಕಾದ್ದು ಮುಷ್ಟಿಯಷ್ಟು ಜಾಗದಲ್ಲಿ ಮಡಚಿ ಕೂತು, ಬಿಟ್ಟೊಡನೆ ಸುಕ್ಕಿಲ್ಲದೆ ಅರಳುವ ಒಂದು ವಸ್ತು. ಜಾದೂಗಾರರು ಆ ವಸ್ತುವನ್ನು ಮೊದಲು ಮಾವಿನೆಲೆಯಲ್ಲಿ ಕಂಡರು, ಆಮೇಲೆ ರೇಷ್ಮೆಯಲ್ಲಿ, ಕಾಗದದಲ್ಲಿ, ಕೊನೆಗೆ ಹಕ್ಕಿಯ ಪುಕ್ಕದಲ್ಲಿ.

ಮಾವಿನ ಗಿಡದ ಆಟ ಉತ್ತರ ಹಿಂದೂಸ್ಥಾನದ ಬೀದಿ ಜಾದೂವಿನಲ್ಲಿ ಬಹಳ ಹಳೆಯದು. ವಾಟೆಯನ್ನು ಮಣ್ಣಿಗಿಟ್ಟು, ಮೇಲೆ ಬಟ್ಟೆ ಹೊದಿಸಿ, ಡಮರು ಬಾರಿಸಿ, ಬಟ್ಟೆ ಎತ್ತಿದರೆ ಮೊಳಕೆ. ಮತ್ತೊಮ್ಮೆ ಎತ್ತಿದರೆ ಗೇಣುದ್ದದ ಸಸಿ. ಕೊನೆಗೆ ಕಾಯಿ ತೂಗುವ ಗಿಡ. 1829ರಲ್ಲಿ ಮೇಜರ್ ಡೇವಿಡ್ ಪ್ರೈಸ್ ಇಂಗ್ಲಿಷಿಗೆ ತಂದ ಜಹಾಂಗೀರನ ನೆನಪುಗಳ ಒಂದು ಪಾಠದಲ್ಲಿ ಬಂಗಾಳದ ಜಾದೂಗಾರರು ಬಾದಶಹನೆದುರು ಹೀಗೆ ಮರ ಬೆಳೆಸಿದ ವರ್ಣನೆಯಿದೆ. ಆ ಪಾಠವನ್ನು ಇತಿಹಾಸಕಾರರು ಪೂರ್ತಿ ನಂಬುವುದಿಲ್ಲವಾದರೂ ಆಟದ ಕೀರ್ತಿಗೆ ಅದು ಸಾಕ್ಷಿ. ವಜ್ರದ ವ್ಯಾಪಾರಿ ತವೆರ್ನಿಯೆ ಗುಜರಾತಿನಲ್ಲಿ ಇದನ್ನು ನೋಡಿದ. ಜಾದೂಗಾರ ತನ್ನ ಮೈ ಗೀರಿಕೊಂಡು ಕಡ್ಡಿಗೆ ರಕ್ತ ಸವರುತ್ತಿದ್ದನಂತೆ. ಜೊತೆಗಿದ್ದ ಇಂಗ್ಲಿಷ್ ಪಾದ್ರಿಗೆ ಇದು ಸೈತಾನನ ಕೆಲಸವೆನಿಸಿ, ಕ್ರೈಸ್ತರು ಇಂಥದ್ದನ್ನು ನೋಡಬಾರದೆಂದು ಹಟ ಹಿಡಿದ.

ಸೈತಾನನ ಪಾತ್ರ ಇದರಲ್ಲಿ ಇರಲಿಲ್ಲ. ಇದ್ದದ್ದು ಮಾವಿನೆಲೆಯ ಗುಣ. ಬೇವಿನ ಎಲೆ ಮುದುಡಿದರೆ ಬಾಡುತ್ತದೆ, ಬಾಳೆ ಸೀಳುತ್ತದೆ. ಮಾವಿನೆಲೆ ತೊಗಲಿನ ಹಾಗೆ: ಮಡಚಿ ಚೀಲದೊಳಗೆ ತುರುಕಿದರೂ ಬಿಡಿಸಿದಾಗ ಮುರಿದಿರುವುದಿಲ್ಲ. ತೋಪಿನಿಂದ ಬೆಳಿಗ್ಗೆ ಮುರಿದು ತಂದ ಟೊಂಗೆ ಮಧ್ಯಾಹ್ನದ ಆಟಕ್ಕೆ ಹಸಿಹಸಿಯಾಗಿಯೇ ಇರುತ್ತಿತ್ತು. ಈ ಗುಟ್ಟು ಅಚ್ಚಾಗಿ ನೂರು ವರ್ಷಗಳ ಮೇಲಾಯಿತು, ಹಾಗಾಗಿ ಇಲ್ಲಿ ಹೇಳಿದ್ದರಿಂದ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗದು.

ಯುರೋಪಿನ ರಂಗಮಂದಿರಕ್ಕೆ ಮಾವಿನ ಟೊಂಗೆ ಒಗ್ಗುವಂತಿರಲಿಲ್ಲ. ಅಲ್ಲಿ ಬೇಕಾದದ್ದು ದಿನಾ ಸಂಜೆ ತಪ್ಪದೆ ಅರಳುವ ಹೂ. ಗಡಿಯಾರದ ಕಸುಬಿನಿಂದ ಬಂದ ಝಾನ್ ಯೂಜೆನ್ ರಾಬರ್ಟ್ ಹುಡ್ಯಾನ್ 1845ರಲ್ಲಿ ಪ್ಯಾರಿಸ್ಸಿನ ಪಲೇ ರುವಾಯಾಲ್‌ನಲ್ಲಿ ತನ್ನ ಪುಟ್ಟ ರಂಗಮಂದಿರ ತೆರೆದ. ಅವನ ಹೆಸರಾಂತ ಆಟಗಳಲ್ಲಿ ಕಿತ್ತಳೆ ಮರವೂ ಒಂದು. ಯಂತ್ರದ ಎಲೆಗಳ ನಡುವಿನಿಂದ ಹೂ ಹೊರಬರುತ್ತಿದ್ದವು, ಆಮೇಲೆ ಕಿತ್ತಳೆ ಕಾಣುತ್ತಿದ್ದವು. ಹಣ್ಣು ನಿಜದ್ದು, ಕಿತ್ತು ಪ್ರೇಕ್ಷಕರಿಗೆ ಎಸೆಯುತ್ತಿದ್ದರು. ಕೊನೆಯ ಹಣ್ಣು ಹೋಳಾಗಿ ಬಿರಿದು, ಎರಡು ಯಾಂತ್ರಿಕ ಚಿಟ್ಟೆಗಳು ಪ್ರೇಕ್ಷಕರೊಬ್ಬರ ಕರವಸ್ತ್ರವನ್ನು ಮೇಲಕ್ಕೆತ್ತುತ್ತಿದ್ದವು. ಅದ್ಭುತವೇನೋ ಹೌದು. ಆದರೆ ಇಡೀ ಮರವನ್ನು ಪೆಟ್ಟಿಗೆಯಲ್ಲಿ ಹೊತ್ತು ತಿರುಗುವ ಶಕ್ತಿ ಎಲ್ಲ ಜಾದೂಗಾರರಿಗೂ ಇರಲಿಲ್ಲ.

ಹೊರೆ ಇಳಿಸಿದವನು ಇನ್ನೊಬ್ಬ ಫ್ರೆಂಚಿನವ. ಲಿಯಾನ್ ಬಳಿ ಹುಟ್ಟಿದ ಜೋಸೆಫ್ ಬುವಾತಿಯೆ, ರಂಗದ ಮೇಲೆ ಬುವಾತಿಯೆ ದ ಕೋಲ್ತಾ. ಅವನು ಖಾಲಿ ಕಾಗದವನ್ನು ಪೊಟ್ಟಣ ಸುತ್ತಿ, ಅದರಿಂದ ನೂರಾರು ಹೂಗಳನ್ನು ಮಗುಚಿದ ಛತ್ರಿಯೊಳಗೆ ಸುರಿಯುತ್ತಿದ್ದ. ಪ್ರತಿ ಹೂವೂ ತೆಳುಕಾಗದದ್ದು, ಒಳಗೆ ಚಪ್ಪಟೆಯಾದ ಸಣ್ಣ ಸ್ಪ್ರಿಂಗ್. ಒತ್ತಿ ಕಟ್ಟಿದರೆ ಇಸ್ಪೀಟು ಎಲೆಗಳಷ್ಟು ತೆಳು, ಬಿಟ್ಟರೆ ಬೊಗಸೆ ತುಂಬ. ಒಂದು ರಾತ್ರಿ ಕೆಲವು ಹೂ ಪ್ರೇಕ್ಷಕರ ನಡುವೆ ಉದುರಿ, ಅಲ್ಲಿದ್ದ ಮತ್ತೊಬ್ಬ ಜಾದೂಗಾರ ಒಂದನ್ನು ಜೇಬಿಗಿಳಿಸಿದ್ದರಿಂದ ಗುಟ್ಟು ಹೊರಬಿತ್ತು ಎಂಬ ಕತೆ ಕಸುಬಿನವರಲ್ಲಿ ಇಂದಿಗೂ ಓಡಾಡುತ್ತದೆ. ಕತೆ ನಿಜವೋ ಸುಳ್ಳೋ, ಸ್ಪ್ರಿಂಗ್ ಹೂ ಮಾತ್ರ ಇವತ್ತಿಗೂ ಜಾದೂ ಅಂಗಡಿಯಲ್ಲಿ ಸಿಗುತ್ತದೆ. ಅದರ ದೋಷವೆಂದರೆ ಕಾಗದ ಹರಿಯುತ್ತದೆ, ಬೆವರಿಗೆ ಬಣ್ಣ ಬಿಡುತ್ತದೆ, ಮಡಿಕೆಯ ಗೆರೆ ಉಳಿಯುತ್ತದೆ.

ಅಷ್ಟರಲ್ಲಿ ಪುಕ್ಕ ರಂಗದ ಮೇಲೆ ಬಂದಾಗಿತ್ತು. ಏಂಜೆಲೊ ಲೂಯಿಸ್ ಎಂಬ ಲಂಡನ್ನಿನ ವಕೀಲ ಪ್ರೊಫೆಸರ್ ಹಾಫ್‌ಮನ್ ಎಂಬ ಹೆಸರಿನಲ್ಲಿ 1876ರಲ್ಲಿ ತಂದ 'ಮಾಡರ್ನ್ ಮ್ಯಾಜಿಕ್' ಪುಸ್ತಕದಲ್ಲಿ ಕರವಸ್ತ್ರದಿಂದ ಉದ್ದುದ್ದ ಗರಿ ತೆಗೆಯುವ ಆಟವಿದೆ. ಗರಿಗಳನ್ನು ಮೊದಲೇ ಕೋಟಿನ ತೋಳಿನೊಳಗೆ, ಕೈಯುದ್ದಕ್ಕೂ ಮಲಗಿಸಿಡುವುದು ಅದರ ಉಪಾಯ. ಪುಕ್ಕಗಳನ್ನೇ ದಳವಾಗಿ ಕಟ್ಟಿದ ಹೂಗುಚ್ಛದ ಉಪಾಯವೂ ಇದೇ.

ಪುಕ್ಕ ಯಾಕೆ ಗೆದ್ದಿತು ಎಂಬುದಕ್ಕೆ ಉತ್ತರ ಅದರ ರಚನೆಯಲ್ಲಿದೆ. ನಡುವಿನ ಕಡ್ಡಿಯಿಂದ ಎರಡೂ ಬದಿಗೆ ಎಳೆಗಳು, ಪ್ರತಿ ಎಳೆಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಎಳೆಗಳು, ಅವುಗಳ ತುದಿಯಲ್ಲಿ ಕೊಕ್ಕೆಗಳು. ಎಳೆ ಬಿಟ್ಟುಕೊಂಡರೆ ಹಕ್ಕಿ ಕೊಕ್ಕಿನಿಂದ ಬುಡದಿಂದ ತುದಿಗೆ ಎಳೆಯುತ್ತದೆ, ಕೊಕ್ಕೆಗಳು ಮತ್ತೆ ಸಿಕ್ಕಿಕೊಳ್ಳುತ್ತವೆ. ನಮ್ಮ ಉಗುರು, ಕೂದಲಿನಲ್ಲಿರುವ ಕೆರಾಟಿನ್ ಜಾತಿಯ ಪ್ರೋಟೀನಿನಿಂದಲೇ ಪುಕ್ಕವೂ ಆಗಿದೆ. ಹಗುರ, ಸ್ಥಿತಿಸ್ಥಾಪಕ. ಬುಡದಿಂದ ಹಿಡಿದೆಳೆದರೆ ದಳಗಳೆಲ್ಲ ಒಂದೇ ದಿಕ್ಕಿಗೆ ಮಲಗಿ ಕಿರಿದಾದ ತೋಳಿನಿಂದ ಜಾರಿ ಹೊರಬರುತ್ತವೆ. ಬಂದ ಕ್ಷಣ ಬಿಚ್ಚಿಕೊಂಡು ಮೂರು ಪಟ್ಟು ಅಗಲವಾಗುತ್ತವೆ.

ಪುಕ್ಕದಿಂದ ಹೂ ಕಟ್ಟುವ ಕಲೆಯನ್ನು ಜಾದೂಗಾರರು ಕಂಡುಹಿಡಿದದ್ದಲ್ಲ. ಬ್ರೆಜಿಲಿನ ಬಾಯಿಯಾದ ಕಾನ್ವೆಂಟುಗಳಲ್ಲಿ ಸನ್ಯಾಸಿನಿಯರು ಮಾಡುತ್ತಿದ್ದ ಪುಕ್ಕದ ಹೂಗಳನ್ನು ಹತ್ತೊಂಬತ್ತನೇ ಶತಮಾನದ ಹಡಗಿನ ಪ್ರಯಾಣಿಕರು ಮುಗಿಬಿದ್ದು ಕೊಳ್ಳುತ್ತಿದ್ದರು. ಪ್ಯಾರಿಸ್ಸಿನಲ್ಲಿ ಪುಕ್ಕದ ಕೆಲಸಗಾರರದ್ದೇ ಒಂದು ವೃತ್ತಿಯಿತ್ತು. 1880ರಲ್ಲಿ ಶುರುವಾದ ಲೆಮಾರಿಯೆ ಕಾರ್ಖಾನೆ ಈಗಲೂ ನಡೆಯುತ್ತಿದೆ. ಈ ಪೇಟೆಗೆ ನಮ್ಮ ನೆಲದ ಪಾಲೂ ಇತ್ತು. ಬಂಗಾಳದ ಕುಮಾರಖಾಲಿಯಿಂದ ಹೋಗುತ್ತಿದ್ದ ಗರಿಗೆ ಇಂಗ್ಲೆಂಡಿನಲ್ಲಿ 'ಕಮರ್ಕಾಲಿ' ಎಂದೇ ಹೆಸರು. ದೊಡ್ಡ ಬೋಳುಕೊಕ್ಕರೆಯ ಬಾಲದಡಿಯ ಮೆತ್ತನೆ ಗರಿ ಅದು, ಬಿಳಿ ಹೆಂಗಸರ ಕೊರಳಪಟ್ಟಿಗೆ.

ಟೋಪಿಯ ಗರಿಗಾಗಿ ಹಕ್ಕಿಗಳ ಸಂಹಾರವೇ ನಡೆದಾಗ ಕಾನೂನು ಕಣ್ಣು ತೆರೆಯಿತು. ಭಾರತ ಸರ್ಕಾರ 1902ರಲ್ಲಿ ಕಾಡುಹಕ್ಕಿಗಳ ಚರ್ಮ, ಗರಿಗಳ ರಫ್ತನ್ನು ನಿಷೇಧಿಸಿತು. ಬ್ರಿಟನ್ ಆಮದಿಗೆ ತಡೆ ಹಾಕಿದ್ದು 1921ರಲ್ಲಿ. ನಡುವಿನ ವರ್ಷಗಳಲ್ಲಿ ಕಳ್ಳಸಾಗಣೆಯೂ ನಡೆಯಿತು, ಸಿಂಧ್ ಪ್ರಾಂತದ ಕೆರೆಗಳ ದಂಡೆಯಲ್ಲಿ ಬೆಳ್ಳಕ್ಕಿ ಸಾಕುವ ಗೂಡುಗಳೂ ಎದ್ದವು. ಕೊನೆಗೆ ಪುಕ್ಕದ ಕಸುಬು ಸಾಕುಹಕ್ಕಿಗಳತ್ತ ತಿರುಗಿತು: ಹೆಬ್ಬಾತು, ಬಾತು, ಟರ್ಕಿ ಕೋಳಿ, ನಾಟಿ ಹುಂಜ. ಇಪ್ಪತ್ತನೇ ಶತಮಾನದ ಜಾದೂ ಹೂ ಅರಳಿದ್ದು ಮಾಂಸದ ಮಾರುಕಟ್ಟೆಯಲ್ಲಿ ಮಿಕ್ಕ ಈ ಪುಕ್ಕಗಳಲ್ಲೇ.

ಅಮೆರಿಕದಲ್ಲಿ ಪುಕ್ಕದ ಹೂ ಕಟ್ಟುವುದು ಪೂರ್ಣ ಪ್ರಮಾಣದ ಕಸುಬಾಯಿತು. ಒಹಾಯೊದ ಆಕ್ರನ್ ಊರಿನ ಹೊರೇಸ್ ಮಾರ್ಷಲ್ ಹೆಸರು ಈಗಲೂ ಸಂಗ್ರಾಹಕರ ಬಾಯಲ್ಲಿದೆ. ಮಿಷಿಗನ್ನಿನ ಕೊಲೊನ್ ಎಂಬ ಸಣ್ಣ ಊರು ಆಬಟ್ ಕಂಪನಿಯ ಜಾದೂ ಸಾಮಾನಿನಿಂದಾಗಿ ಕಸುಬಿನವರಿಗೆ ಕ್ಷೇತ್ರವೇ ಆಯಿತು. ಖಾಲಿ ಕುಂಡದ ಮೇಲೆ ಕೊಳವೆ ಮುಚ್ಚಿ ತೆಗೆದರೆ ಮಾರುದ್ದದ ಹೂರಾಶಿ ನಿಲ್ಲುವ 'ಬೊಟಾನಿಯಾ' ಎಂಬ ಆಟಕ್ಕೆ ಪುಕ್ಕದ ಹೂವೇ ಜೀವಾಳ.

ಭಾರತದಲ್ಲಿ ಜಾದೂವನ್ನು ಬೀದಿಯಿಂದ ದೊಡ್ಡ ರಂಗಕ್ಕೆ ಏರಿಸಿದವರಲ್ಲಿ ಮುಂಚೂಣಿಯ ಹೆಸರು ಪಿ.ಸಿ. ಸರ್ಕಾರ್. ಈಗ ಬಾಂಗ್ಲಾದೇಶದಲ್ಲಿರುವ ಟಾಂಗೈಲ್‌ನಲ್ಲಿ 1913ರಲ್ಲಿ ಹುಟ್ಟಿ, 1971ರ ಜನವರಿಯಲ್ಲಿ ಜಪಾನಿನ ಪ್ರವಾಸದಲ್ಲೇ ತೀರಿಕೊಂಡವರು. ಪಾಶ್ಚಾತ್ಯ ಜಾದೂಗಾರ ಕರಿ ಕೋಟು ತೊಟ್ಟರೆ ಸರ್ಕಾರ್ ಮಹಾರಾಜನ ಶೇರ್ವಾನಿ ತೊಟ್ಟು, ರುಮಾಲಿಗೆ ಗರಿಯ ತುರಾಯಿ ಸಿಕ್ಕಿಸಿ ನಿಂತರು. ಕರ್ನಾಟಕದ ಹಳ್ಳಿಗಳಲ್ಲಿ ಸುಡುಗಾಡು ಸಿದ್ಧರು ಹರಕು ಜೋಳಿಗೆಯಿಂದ ಕೈಚಳಕ ತೋರಿಸಿ ಕಾಳುಕಡಿ ಪಡೆಯುತ್ತಿದ್ದ ಕಾಲವೂ ಅದೇ. ಜೋಳಿಗೆಯವರ ಬಳಿ ಬಟ್ಟಲು, ಗೋಲಿ, ಹಗ್ಗ. ರಂಗದವರ ಬಳಿ ರೇಷ್ಮೆ, ಪಾರಿವಾಳ, ಪುಕ್ಕದ ಹೂ. ಒಂದೇ ವಿದ್ಯೆಯ ಎರಡು ಜಾತಿಗಳು ಹೀಗೆ ಬೇರೆಯಾದವು.

ದಿಲ್ಲಿಯಲ್ಲಿ ಇಂಥದ್ದೇ ಭೇದ ಎರಡು ಕಾಲೊನಿಗಳ ನಡುವೆ ಕಣ್ಣಿಗೆ ಹೊಡೆಯುವಂತಿತ್ತು. ದಕ್ಷಿಣ ದಿಲ್ಲಿಯ ಸರೋಜಿನಿ ನಗರ ಸರ್ಕಾರಿ ನೌಕರರ ಕಾಲೊನಿ. ಮೊದಲಿನ ಹೆಸರು ವಿನಯ ನಗರ. ಈಗಿನ ಹೆಸರು ಸರೋಜಿನಿ ನಾಯ್ಡು ಅವರದ್ದು. ಹಾವಾಡಿಗರನ್ನೂ ಹೈದರಾಬಾದಿನ ಸಂತೆಯನ್ನೂ ಕವಿತೆಯಾಗಿಸಿದ ಆಕೆಯ ಕೊನೆಯ ಸಂಕಲನವನ್ನು ಮಗಳು ಪದ್ಮಜಾ 1961ರಲ್ಲಿ 'ದ ಫೆದರ್ ಆಫ್ ದ ಡಾನ್' ಎಂಬ ಹೆಸರಿನಲ್ಲಿ ತಂದರು. ಇಲ್ಲಿನ ಮಾರುಕಟ್ಟೆಗೆ ಜನ ಬರುವುದು ರಫ್ತಿನಲ್ಲಿ ಉಳಿದ ಬಟ್ಟೆಯ ಗುಡ್ಡೆ ಕೆದಕಲು. ಕೆಲವೇ ಮೈಲಿ ಆಚೆ, ಶಾದಿಪುರ ಡಿಪೊ ಪಕ್ಕದಲ್ಲಿದ್ದದ್ದು ಕಠಪುತ್ಲಿ ಕಾಲೊನಿ. ಗೊಂಬೆಯಾಟದವರು, ದೊಂಬರು, ಬೀದಿ ಜಾದೂಗಾರರು ಒಟ್ಟಿಗೆ ಬದುಕಿದ ಆ ಕೇರಿಯ ಬಗ್ಗೆ ಅಮೆರಿಕದ ಸಂಸ್ಕೃತ ವಿದ್ವಾಂಸ ಲೀ ಸೀಗಲ್ 1991ರಲ್ಲಿ 'ನೆಟ್ ಆಫ್ ಮ್ಯಾಜಿಕ್' ಎಂಬ ಪುಸ್ತಕವನ್ನೇ ಬರೆದ. ದಿಲ್ಲಿಯ ಬೀದಿ ಜಾದೂಗಾರ ಇಶಾಮುದ್ದೀನ್ ಖಾನ್ 1995ರಲ್ಲಿ ಕುತುಬ್ ಮಿನಾರ್ ಬಳಿ ಹಗ್ಗದ ಆಟ ಮಾಡಿ ತೋರಿಸಿದರು.

ಕಾನೂನಿನ ಕಣ್ಣಿಗೆ ಇವರು ಕಲಾವಿದರಾಗಿರಲಿಲ್ಲ. ದಿಲ್ಲಿಗೂ ಅನ್ವಯಿಸಿದ್ದ 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆಯ ವ್ಯಾಖ್ಯೆಯಲ್ಲಿ, ಬೀದಿಯಲ್ಲಿ ಹಾಡಿ, ಕುಣಿದು, ಕಣಿ ಹೇಳಿ, ಆಟ ತೋರಿಸಿ ಕಾಸು ಕೇಳುವುದೂ ಭಿಕ್ಷೆಯೇ. ಮಾವಿನ ಗಿಡ ಬೆಳೆಸುವವನನ್ನು ಪೊಲೀಸರು ಭಿಕ್ಷುಕನೆಂದು ಎತ್ತಿಕೊಂಡು ಹೋಗಬಹುದಿತ್ತು. ಆ ಕಾಯ್ದೆಯ ಮುಖ್ಯ ಅಂಶಗಳನ್ನು ದಿಲ್ಲಿ ಹೈಕೋರ್ಟ್ ರದ್ದು ಮಾಡಿದ್ದು 2018ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಕಠಪುತ್ಲಿ ಕಾಲೊನಿಯೇ ಇರಲಿಲ್ಲ. ಅದರ ಹಿಂದಿನ ವರ್ಷದ ಅಕ್ಟೋಬರ್ ಕೊನೆಗೆ ಬುಲ್‌ಡೋಜರುಗಳು ಬಂದಿದ್ದವು. ಸರೋಜಿನಿ ನಗರದ ಹಳೆಯ ಕ್ವಾರ್ಟರ್ಸುಗಳೂ ಮರುನಿರ್ಮಾಣದ ಪಟ್ಟಿಗೆ ಸೇರಿದವು. ಅಲ್ಲಿನ ಮರಗಳಿಗಾಗಿ 2018ರಲ್ಲಿ ಊರೇ ದನಿಯೆತ್ತಿ, ಕಡಿಯುವ ಕೆಲಸಕ್ಕೆ ಹೈಕೋರ್ಟಿನ ತಡೆಯೂ ಸಿಕ್ಕಿತು. ಜಾದೂಗಾರರ ಟ್ರಂಕಿನಲ್ಲಿದ್ದ ಗಿಡಗಳಿಗಾಗಿ ಯಾರೂ ಕೋರ್ಟಿಗೆ ಹೋಗಲಿಲ್ಲ.

ಹೀಗೆ ಮನೆ ಬದಲಾದಾಗ, ಹಿರಿಯರು ತೀರಿಕೊಂಡಾಗ ಹಳೆಯ ಪೆಟ್ಟಿಗೆಗಳು ಬಾಯಿ ತೆರೆಯುತ್ತವೆ. ಒಳಗೆ ಮಂಕಾದ ಪುಕ್ಕದ ಗುಚ್ಛ ಕಂಡರೆ ಅದು ಯಾವ ಕಾಲದ್ದು, ಯಾವ ಹಕ್ಕಿಯದ್ದು ಎಂದು ಗುರುತಿಸುವ ದಾರಿಗಳಿವೆ.

ಮೊದಲು ಆಕಾರ. ದುಂಡಗೆ, ಬಟ್ಟಲಿನಂತೆ ಬಾಗಿದ ದಳ ಸಾಮಾನ್ಯವಾಗಿ ಹೆಬ್ಬಾತಿನ ಮೈಪುಕ್ಕ. ತುದಿ ಕತ್ತರಿಸಿದಂತೆ ಚೌಕವಾಗಿ, ದೊಡ್ಡದಾಗಿದ್ದರೆ ಟರ್ಕಿ. ಕಿರಿದಾಗಿ ಚೂಪಾಗಿ ಹೊಳೆಯುತ್ತಿದ್ದರೆ ಹುಂಜದ ಕತ್ತಿನದು. ಅನುಮಾನ ಉಳಿದರೆ ಬುಡದ ತುಪ್ಪಳದ ಒಂದೆಳೆ ಸೂಕ್ಷ್ಮದರ್ಶಕಕ್ಕೆ ಸಾಕು. ಬಾತಿನ ಜಾತಿಯಲ್ಲಿ ಮರಿಎಳೆಯ ಗಂಟುಗಳು ತ್ರಿಕೋನ, ಕೋಳಿಯ ಜಾತಿಯಲ್ಲಿ ಉಂಗುರ. ಈ ಶಾಸ್ತ್ರವನ್ನು ಕಟ್ಟಿದವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ರಾಕ್ಸಿ ಲೇಬರ್ನ್. 1960ರಲ್ಲಿ ಬಾಸ್ಟನ್ನಿನಲ್ಲಿ ಬಿದ್ದ ವಿಮಾನದ ಎಂಜಿನ್ನಿನ ಪುಕ್ಕದ ಚೂರುಗಳನ್ನು ನೋಡಿ, ಒಳಹೊಕ್ಕದ್ದು ಸ್ಟಾರ್ಲಿಂಗ್ ಹಕ್ಕಿಗಳೆಂದು ಪತ್ತೆ ಮಾಡಿದವರು ಅವರು. ಭಾರತದಲ್ಲೂ 2021ರಿಂದ 'ಫೆದರ್ ಲೈಬ್ರರಿ' ಎಂಬ ಪುಕ್ಕದ ಭಂಡಾರವಿದೆ. ಅದರ ಮಾದರಿಗಳಿಗೆ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆ ಆಶ್ರಯ ಕೊಟ್ಟಿದೆ. ಹಕ್ಕಿ ಯಾವುದೆಂಬುದು ಬರೀ ಕುತೂಹಲದ ಪ್ರಶ್ನೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಕ್ಕಿಯ ಗರಿ ಮಾರುವುದು ಅಪರಾಧ. ನವಿಲು ತಾನಾಗಿ ಉದುರಿಸಿದ ಬಾಲದ ಗರಿಗೆ ಮಾತ್ರ ದೇಶದೊಳಗೆ ವಿನಾಯಿತಿ, ಹೊರದೇಶಕ್ಕೆ ಕಳಿಸುವಂತಿಲ್ಲ.

ಆಮೇಲೆ ದಂಟು, ನೂಲು, ಬಣ್ಣ. ದಳ ಕಟ್ಟಿದ ದಾರ ನೈಲಾನ್ ಆಗಿದ್ದರೆ ಆ ಹೂ 1938ಕ್ಕಿಂತ ಹಿಂದಿನದಾಗಿರಲಾರದು, ಯಾಕೆಂದರೆ ನೈಲಾನ್ ಲೋಕಕ್ಕೆ ಗೊತ್ತಾದದ್ದೇ ಆ ವರ್ಷ. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದಾಗ ನೂಲು ನೀಲಿಯಾಗಿ ಹೊಳೆದರೆ ಅದರಲ್ಲಿ ಹೊಸ ಕಾಲದ ಬಿಳುಪುಕಾರಕವಿದೆ. ತಂತಿಗೆ ಹಸಿರು ಕಾಗದ ಸುತ್ತಿದೆಯೋ ಪ್ಲಾಸ್ಟಿಕ್ ಕೊಳವೆ ತೊಡಿಸಿದೆಯೋ, ಗಂಟು ಎಡಕ್ಕೋ ಬಲಕ್ಕೋ, ಬುಡದಲ್ಲಿ ಅಂಟೋ ಅರಗೋ ಎಂಬುದೆಲ್ಲ ಕಟ್ಟಿದವರ ರುಜುವಿದ್ದಂತೆ. ಒಬ್ಬ ಕುಶಲಕರ್ಮಿ ಒಂದೇ ರೀತಿಯಲ್ಲಿ ನೂಲು ಸುತ್ತುತ್ತಾನೆ.

ಹಳೆಯ ಹಸಿರಿನ ಬಗ್ಗೆ ಎಚ್ಚರ ಬೇಕು. ಹತ್ತೊಂಬತ್ತನೇ ಶತಮಾನದ ಕೃತಕ ಎಲೆಗಳಿಗೆ ಬಳಿಯುತ್ತಿದ್ದ ಮಿರುಗುವ ಹಸಿರಿನಲ್ಲಿ ಪಾಷಾಣವಿರುತ್ತಿತ್ತು. ಲಂಡನ್ನಿನಲ್ಲಿ ಎಲೆಗಳಿಗೆ ಆ ಪುಡಿ ಉದುರಿಸುವ ಕೆಲಸದಲ್ಲಿದ್ದ 19 ವರ್ಷದ ಮಟಿಲ್ಡಾ ಶೂರರ್ 1861ರ ನವೆಂಬರಿನಲ್ಲಿ ವಿಷವೇರಿ ಸತ್ತಳು. ನೂರು ವರ್ಷ ದಾಟಿದ ಹೂವೆಂದು ತೋರಿದರೆ ಕೈಗವಸು ಹಾಕಿಕೊಳ್ಳಬೇಕು, ಊದಿ ಧೂಳು ತೆಗೆಯಬಾರದು, ಮಕ್ಕಳ ಕೈಗೆ ಕೊಡಬಾರದು.

ಕಾಪಾಡುವ ಕೆಲಸ ದಿಲ್ಲಿಯ ಹವೆಯಲ್ಲಿ ಸುಲಭವಲ್ಲ. ಮೇ ತಿಂಗಳ ಲೂ ಎಂಬ ಬಿಸಿಗಾಳಿಗೆ ಪುಕ್ಕ ಒಣಗಿ ಮುರಿಯುತ್ತದೆ. ಜುಲೈ ಮಳೆಗೆ ಬೂಷ್ಟು ಹಿಡಿದು ತಂತಿ ತುಕ್ಕಾಗುತ್ತದೆ. ಕರಾವಳಿಯ ಮನೆಗಳಲ್ಲಿ ಎರಡನೆಯ ಶತ್ರುವೇ ಹೆಚ್ಚು. ದೊಡ್ಡ ತಪ್ಪು ನಡೆಯುವುದು ಆಟ ಮುಗಿದ ಮೇಲೆ: ಹೂಗಳನ್ನು ಒತ್ತಿ ಕಟ್ಟಿದ ಸ್ಥಿತಿಯಲ್ಲೇ ಪೆಟ್ಟಿಗೆಗೆ ಹಾಕುವುದು. ತಿಂಗಳುಗಟ್ಟಲೆ ಮಡಚಿದ ಪುಕ್ಕ ಆ ಮಡಿಕೆಯನ್ನೇ ತನ್ನ ಆಕಾರವೆಂದುಕೊಳ್ಳುತ್ತದೆ. ಆಟಕ್ಕೆ ಮುಂಚೆ ಮಾತ್ರ ಒತ್ತಬೇಕು. ಉಳಿದ ಕಾಲ ತಲೆಕೆಳಗಾಗಿ ತೂಗುಹಾಕಿ, ಮೇಲೆ ತೆಳುವಾದ ಹತ್ತಿಬಟ್ಟೆಯ ಚೀಲ ಇಳಿಬಿಡಬೇಕು. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಬಿಸಿಲಿಗೆ ಬಣ್ಣ ಹೋಗುವುದರಿಂದ ಕಿಟಕಿಯ ಪಕ್ಕವೂ ಬೇಡ.

ಬಾಗಿದ ಪುಕ್ಕಕ್ಕೆ ಹಬೆ ಮದ್ದು. ಕುದಿಯುವ ನೀರಿನ ಹಬೆಗೆ ಒಂದು ಗೇಣು ದೂರದಲ್ಲಿ ಕೆಲವು ಕ್ಷಣ ಹಿಡಿದು, ಹಕ್ಕಿ ಮಾಡುವಂತೆ ಬುಡದಿಂದ ತುದಿಗೆ ಬೆರಳಿನಲ್ಲಿ ಸವರಿದರೆ ಕೆರಾಟಿನ್ ಸಡಿಲಗೊಂಡು ಹಳೆಯ ಬಾಗು ಮರಳುತ್ತದೆ. ನೀರಿನಲ್ಲಿ ಅದ್ದಿದರೆ ಬಣ್ಣ ಹರಿದು ಕೆಂಪು ಗುಲಾಬಿಯೂ ಹಳದಿ ಸೇವಂತಿಗೆಯೂ ಒಂದಾಗುತ್ತವೆ. ಪಾಷಾಣದ ಶಂಕೆಯಿರುವ ಹೂವನ್ನು ಮಾತ್ರ ಹಬೆಗೆ ಹಿಡಿಯದೆ ತಜ್ಞರಿಗೆ ಒಪ್ಪಿಸುವುದು ಲೇಸು.

ನುಸಿಯೂ ಕಾರ್ಪೆಟ್ ಹುಳವೂ ಪುಕ್ಕವನ್ನು ಅನ್ನದಂತೆ ತಿನ್ನುತ್ತವೆ. ಕಡ್ಡಿ ಉಳಿದು ಎಳೆ ಮಾಯವಾಗಿದ್ದರೆ, ಪೆಟ್ಟಿಗೆಯ ಮೂಲೆಯಲ್ಲಿ ಮರಳಿನಂಥ ಹಿಕ್ಕೆ ಬಿದ್ದಿದ್ದರೆ ಹುಳ ಒಳಗಿದೆಯೆಂದು ಅರ್ಥ. ಒಣ ಬೇವಿನ ಎಲೆ, ನುಸಿಗುಳಿಗೆ ಬರುವ ಹುಳವನ್ನು ತಡೆದಾವು, ಇರುವುದನ್ನು ಕೊಲ್ಲಲಾರವು. ವಸ್ತುಸಂಗ್ರಹಾಲಯಗಳು ಅನುಸರಿಸುವ ಕ್ರಮ ಸರಳ: ಹೂವನ್ನು ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಒಂದೆರಡು ವಾರ ಇಟ್ಟು, ಹೊರತೆಗೆದು ಕೋಣೆಯ ಉಷ್ಣತೆಗೆ ಬಂದ ಮೇಲಷ್ಟೇ ಬಿಚ್ಚುವುದು.

ಇಷ್ಟೆಲ್ಲ ಪಾಡುಪಟ್ಟು ಉಳಿಸಬೇಕಾದ ವಸ್ತುವೇ ಇದು? ಹೌದು. ಯಕ್ಷಗಾನದ ಕಿರೀಟಕ್ಕೆ, ತೊಗಲುಗೊಂಬೆಗೆ ಸಂಗ್ರಹಾಲಯಗಳಲ್ಲಿ ಜಾಗವಿದೆ. ಜಾದೂಗಾರನ ಸಾಮಾನು ಮಾತ್ರ, ಗುಟ್ಟು ಹೊರಬೀಳಬಾರದೆಂಬ ಕಾರಣಕ್ಕೋ ಆಟದ ಸಾಮಾನೆಂಬ ಸದರಕ್ಕೋ, ಗುಜರಿಯ ಪಾಲಾಗುತ್ತದೆ. ರಾಮನಗರದ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಸುಡುಗಾಡು ಸಿದ್ಧರ ಜೋಳಿಗೆಯ ಪಕ್ಕದಲ್ಲಿ ರಂಗ ಜಾದೂವಿನ ಪೆಟ್ಟಿಗೆಗೂ ಒಂದು ಕಪಾಟು ಕೊಟ್ಟರೆ ಎರಡು ಜಾತಿಯ ವಿದ್ಯೆ ಮತ್ತೆ ಒಟ್ಟಿಗೆ ಕೂರುತ್ತದೆ. ದಿಲ್ಲಿಯ ಕನ್ನಡಿಗರಿಗೆ ಸರೋಜಿನಿ ನಗರದ ನೆರೆಯ ರಾಮಕೃಷ್ಣಪುರದಲ್ಲಿ ದೆಹಲಿ ಕರ್ನಾಟಕ ಸಂಘವಿದೆ. ಮನೆಯಲ್ಲಿ ಇಂಥ ವಸ್ತು ಇರುವವರು ಮಾಹಿತಿ ಕಲೆಹಾಕಲು ಅಲ್ಲಿಂದಲೂ ಶುರುಮಾಡಬಹುದು.

ಅಟ್ಟದ ಟ್ರಂಕಿನಲ್ಲಿ ಪುಕ್ಕದ ಹೂಗುಚ್ಛ ಸಿಕ್ಕವರು ತೊಳೆಯಲು ಹೋಗಬೇಡಿ, ಎಸೆಯಲೂ ಬೇಡಿ. ಮೊದಲು ನಾಲ್ಕೂ ಬದಿಯಿಂದ ಫೋಟೊ ತೆಗೆಯಿರಿ. ಯಾರು ಆಡುತ್ತಿದ್ದರು, ಯಾವ ಊರಲ್ಲಿ, ಎಲ್ಲಿಂದ ಕೊಂಡದ್ದು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ. ಹಿರಿಯರಿರುವಾಗಲೇ ಈ ಕೆಲಸ ಮುಗಿಸಿ.